ಅಮ್ಮನನ್ನು ಬಟ್ಟೆ ಎಂದ ಗಾಡಿ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಕಟ್ಟಿದವರು ಎಷ್ಟೇ ಅಕ್ಕರೆಯಿಂದ ತಂದಿಟ್ಟ ಯಂತ್ರವಾದರೂ ಸರಿ, ಎಲ್ಲಾದರೂ ಒಂದು ಕಡೆ ಚುಚ್ಚಿ ಅದರ ಹುಳುಕು ಹೊರಗೆಳೆಯುವುದು ಅವಳ ಕೆಲಸ. ಅವಳು ಸಹಿ ಹಾಕದೆ ಯಾವುದೂ ಬಾಗಿಲು ದಾಟುವಂತಿರಲಿಲ್ಲ. ಅಂಥವಳು ಈ ಸಲ ಮಾತ್ರ, ಇದೊಂದು ಪಾಸಾಗಿಬಿಡಲಿ ಎಂದು ಒಳಗೊಳಗೇ ಹಂಬಲಿಸುತ್ತಿದ್ದಳು.

ಅದು ಕಣ್ಣು ಕಾಣದವರನ್ನು ನಡೆಸಿಕೊಂಡು ಹೋಗುವ ಗಾಡಿ. ಸೊಂಟದೆತ್ತರ, ಕೆಳಗೆ ಮೂರು ಚಕ್ರ, ಹಿಂದೆ ಒಂದು ಹಿಡಿಕೆ, ಮುಂದೆ ಕ್ಯಾಮೆರಾಗಳ ಸಾಲು. ಎದುರಿಗೇನಿದೆ ಎಂದು ನೋಡಿ, ಗುರುತು ಹಿಡಿದು, ಬಾಯಿಬಿಟ್ಟು ಹೇಳಬೇಕು, ನಿಲ್ಲಬೇಕಾದಲ್ಲಿ ನಿಲ್ಲಬೇಕು. ಅವಳ ಅಪ್ಪ ಜೀವಮಾನವೆಲ್ಲ ಬಸ್ಸು ಓಡಿಸಿದವನು. ಕಾಯಿಲೆಯಿಂದ ಕಣ್ಣು ಹೋದ ಮೇಲೆ ಹೆಂಡತಿಯ ಮೊಣಕೈ ಹಿಡಿಯದೆ ಬೀದಿಗಿಳಿಯುವ ಹಾಗಿರಲಿಲ್ಲ. “ಊರನ್ನೆಲ್ಲ ಹೊತ್ತು ತಿರುಗಿದೋನು ನಾನು, ಈಗ ನಾನೇ ಲಗೇಜು,” ಎಂದು ತಾನೇ ತಮಾಷೆ ಮಾಡಿ ನಗುತ್ತಿದ್ದ. ಆ ನಗು ಕೇಳಿದಾಗೆಲ್ಲ ಮಗಳ ಕರುಳು ಚುರ್ ಎನ್ನುತ್ತಿತ್ತು. ಗಾಡಿ ಪಾಸಾದರೆ ಮೊದಲನೆಯದು ಅಪ್ಪನಿಗೇ ಎಂದು ಕಾರ್ಖಾನೆಯ ಯಜಮಾನರು ಮಾತು ಕೊಟ್ಟಿದ್ದರು.

ಪರೀಕ್ಷೆಯ ಹಜಾರದಲ್ಲಿ ಒಂದು ಸುಳ್ಳು ಬೀದಿಯನ್ನೇ ಕಟ್ಟಿದ್ದರು. ಮೆಟ್ಟಿಲು, ಗಾಜಿನ ಬಾಗಿಲು, ಒರಗಿಸಿಟ್ಟ ಸೈಕಲ್ಲು, ತಟ್ಟೆಯಲ್ಲಿ ನಿಲ್ಲಿಸಿದ ನೀರು. ಗಾಳಿಗೆ ಹಾರಾಡುವ ಬಟ್ಟೆಗೆಲ್ಲ ಗಾಡಿ ಬೆಚ್ಚಿ ನಿಲ್ಲಬಾರದೆಂದು ಹಗ್ಗಕ್ಕೆ ಬಟ್ಟೆ ಹಾಕಿ ಫ್ಯಾನೂ ಇಟ್ಟಿದ್ದರು. ಮನುಷ್ಯರನ್ನು ಗುರುತಿಸುವ ಪರೀಕ್ಷೆಗೆ ಕಾರ್ಖಾನೆಯವರೇ ಬೀದಿಯ ನಡುವೆ ನಿಲ್ಲುತ್ತಿದ್ದರು. ಗಾಡಿ ಓಡುವಾಗ ಯಾರೂ ಕದಲಬಾರದು ಎಂಬುದು ಹಜಾರದ ಕಟ್ಟಪ್ಪಣೆ; ಕದಲಿದರೆ ಅಳತೆ ಕೆಡುತ್ತದೆ. ಅಪ್ಪಣೆ ಹೊರಡಿಸಿದವಳು ಸೂಜಿಯೇ. ಗಾಡಿ ಎಲ್ಲವನ್ನೂ ಕರಾರುವಾಕ್ಕಾಗಿ ಹೇಳಿ ಗೆದ್ದಿತು. ಇನ್ನು ಅಪ್ಪ ಒಂದು ಸುತ್ತು ನಡೆದರೆ ಸಹಿ.

ಅಪ್ಪ ಬಂದ. ಅಮ್ಮನೂ ಬಂದಳು, ಅವಳು ಬಿಡುವ ಪೈಕಿಯೇ? ಅಪ್ಪ ಹಿಡಿಕೆ ಹಿಡಿದದ್ದೇ ತಡ, ಹಳೇ ಚಾಳಿಯಂತೆ ಅವಳು ಮುಂದೆ ಮುಂದೆ ಹೊರಟಳು. ಮೈಮೇಲೆ ಪಾದದವರೆಗಿನ ದೊಗಳೆ ಕೋಟು, ಹೆಜ್ಜೆಗೊಮ್ಮೆ ಪಟಪಟ ಹಾರುತ್ತಿತ್ತು.

“ಮುಂದೆ ಬಟ್ಟೆ. ಪರವಾಗಿಲ್ಲ, ಬನ್ನಿ,” ಎಂದಿತು ಗಾಡಿ, ಮತ್ತು ಹೋಗಿ ಅಮ್ಮನ ಮೀನಖಂಡಕ್ಕೆ ಗುದ್ದಿತು.

ಅಮ್ಮ ಒಂದು ಮಾರು ಹಾರಿ, ಗಕ್ಕನೆ ತಿರುಗಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಏನಂದೆ? ನಾನು ಬಟ್ಟೇನಾ? ಈ ಮನೆಗೆ ಜೀವ ತೇದಿದ್ದಕ್ಕೆ ಇದೊಂದು ಮಾತು ಕೇಳೋದು ಬಾಕಿ ಇತ್ತು!”

“ಮುಂದೆ ಮನುಷ್ಯರಿದ್ದಾರೆ. ನಿಲ್ಲಿ,” ಎಂದಿತು ಗಾಡಿ, ಬಲು ವಿನಯದಿಂದ.

“ಗುದ್ದಿದ ಮೇಲೆ ಬುದ್ಧಿ ಬಂತು ನೋಡು!”

ಹಜಾರವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಗಾಡಿ ಕಟ್ಟಿದ ಎಂಜಿನಿಯರ್ ಮಾತ್ರ ಹುಳ್ಳಗೆ ಮುಖ ಮಾಡಿಕೊಂಡು, “ಅಷ್ಟುದ್ದದ ಕೋಟು ಹಾಕ್ಕೊಂಡು ಬಂದ್ರೆ ಇನ್ನೇನಾಗುತ್ತೆ,” ಎಂದು ಗೊಣಗಿದ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೋಟಿನ ತಪ್ಪಲ್ಲ ಮಾರಾಯ, ನಮ್ಮದು,” ಎಂದಳು ಸೂಜಿ. ಅವಳಿಗೆ ನಗು ಬಂದಿರಲಿಲ್ಲ. ಇಷ್ಟು ದಿನ ಕಂಬದ ಹಾಗೆ ನಿಂತವರನ್ನೇ ತೋರಿಸಿ, ಇದು ಮನುಷ್ಯ ಎಂದು ಕಲಿಸಿದ್ದರು. ಅಲ್ಲಾಡಿದ್ದೆಂದರೆ ಆ ಹಜಾರದಲ್ಲಿ ಬಟ್ಟೆಯೊಂದೇ. ನೂಲಿನಂತೆ ಸೀರೆ, ಕಲಿಸಿದವರಂತೆ ಗಾಡಿ.

ಅವಳು ಸಹಿ ಹಾಕಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಮೆಲ್ಲಗೆ ಕೇಳಿದ, “ಪುಟ್ಟಿ, ಹಾಕಿಬಿಡೆ. ನಾನು ಹುಷಾರಾಗಿ ನಡೀತೀನಿ. ನನ್ನ ಕೈಯಲ್ಲಿ ಒಂದು ಅಪಘಾತ ಆಗಿದ್ದು ಕೇಳಿದೀಯಾ?”

“ಇಲ್ಲಪ್ಪ. ಅದಕ್ಕೇ ಹಾಕಲ್ಲ,” ಎಂದಳು. ಅವನ ಆಸೆಗೆ ತಾನೇ ಅಡ್ಡ ಬಂದೆನಲ್ಲ ಎಂದು ಆ ಸಂಜೆ ಅವಳಿಗೆ ಊಟ ಸೇರಲಿಲ್ಲ.

ಮಾರನೆಯ ದಿನವೇ ಕಟ್ಟಪ್ಪಣೆ ರದ್ದಾಯಿತು. ನಿಲ್ಲುವವರು ಸಾಕು, ನಡೆಯುವವರು ಬೇಕು. ನಡೆಯುವವರಿಗೇನು ಬರಗಾಲ? ಅವಳು ಇಡೀ ಬಳಗವನ್ನೇ ಹಜಾರಕ್ಕೆ ತುಂಬಿದಳು. ದಾರಿ ಮಧ್ಯೆ ಏನೋ ನೆನಪಾಗಿ ಗಕ್ಕನೆ ನಿಲ್ಲುವ ಅತ್ತೆ, ಮಾತಿನ ಭರದಲ್ಲಿ ಹಿಂದುಹಿಂದಕ್ಕೆ ನಡೆಯುವ ಸೋದರಮಾವ, ಫೋನಿಗೆ ಮುಖ ಅಂಟಿಸಿಕೊಂಡ ಚಿಕ್ಕಪ್ಪ, ಒಂದು ಕಡೆ ನಿಲ್ಲೆಂದರೆ ನಾಲ್ಕು ಕಡೆ ಓಡುವ ಅಕ್ಕನ ಮಕ್ಕಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡ. ಎಂಜಿನಿಯರ್ ತಲೆಮೇಲೆ ಕೈ ಹೊತ್ತು ಕೂತ. ಅಮ್ಮ ಮಾತ್ರ ತಪ್ಪದೆ ಬಂದಳು, ಅದೇ ಕೋಟಿನಲ್ಲಿ. “ನನ್ನನ್ನು ಮನುಷ್ಯಳು ಅನ್ನೋವರೆಗೂ ಬಿಡಲ್ಲ,” ಎಂದು ಗಾಡಿಯೆದುರು ಸರಬರ ಓಡಾಡಿದಳು. ಬಟ್ಟೆ, ಬಟ್ಟೆ ಎನ್ನುತ್ತಿದ್ದ ಗಾಡಿ ಕೆಲವು ವಾರಗಳಲ್ಲಿ ಅನುಮಾನಿಸಿತು, ಆಮೇಲೆ ಒಂದು ಮಧ್ಯಾಹ್ನ ದೂರದಿಂದಲೇ, “ಮುಂದೆ ಒಬ್ಬರು ನಡೆಯುತ್ತಿದ್ದಾರೆ. ನಿಧಾನ,” ಎಂದಿತು. ಅಮ್ಮ ಗೆದ್ದವಳಂತೆ ಸುತ್ತ ನೋಡಿದಳು. ಬಳಗವೆಲ್ಲ ಚಪ್ಪಾಳೆ ತಟ್ಟಿತು.

ಸೂಜಿ ಅಷ್ಟಕ್ಕೇ ಒಪ್ಪಲಿಲ್ಲ. ಗಾಡಿ ಎಂದೂ ಕಂಡಿರದ ಅಪರಿಚಿತರನ್ನು ಕರೆಸಿ, ಅವರ ಪಾಡಿಗೆ ಅಡ್ಡಾಡಲು ಬಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಗಾಡಿ ಒಬ್ಬರನ್ನೂ ಮುಟ್ಟಲಿಲ್ಲ. ಆಗ ಸಹಿ ಹಾಕಿದಳು. ಖುಷಿಯ ಅವಸರಕ್ಕೆ ಹೆಸರು ಸೊಟ್ಟಗಾಯಿತು.

ಗಾಡಿ ಮನೆಗೆ ಬಂದ ದಿನ ಅಪ್ಪ ಗಡ್ಡ ಹೆರೆದು, ಬೂಟು ತೊಟ್ಟು ಸಿದ್ಧನಾದ. ಸೂಜಿಯೂ ಚಪ್ಪಲಿ ಮೆಟ್ಟಿದಳು.

“ನೀನೆಲ್ಲಿಗೆ?” ಎಂದ ಅಪ್ಪ.

“ಹಿಂದೆ ಹಿಂದೆ ಬರ್ತೀನಪ್ಪ, ಮೊದಲನೇ ದಿನ…”

“ನೀನು ಸಹಿ ಹಾಕಿದೀಯೋ ಇಲ್ವೋ?”

“ಹಾಕಿದೀನಿ.”

“ಹಾಗಾದ್ರೆ ಚಪ್ಪಲಿ ಬಿಚ್ಚು.”

ಅಪ್ಪ ಮೆಟ್ಟಿಲಿಳಿದು, ಬೀದಿಯ ತಿರುವಿನಲ್ಲಿ ಮರೆಯಾದ. ಸ್ವಲ್ಪ ಹೊತ್ತಿಗೆ ಅಮ್ಮ ಒಳಗೂ ಹೊರಗೂ ಓಡಾಡತೊಡಗಿದಳು. “ಎಲ್ಲಿಗೆ ಹೋಗ್ತೀನಿ ಅಂತ ಹೇಳಿದ್ರೇನೇ?”

“ಇಲ್ಲಮ್ಮ.”

“ಹಳೇ ಡಿಪೋ ಕಡೆಗೋ? ಆ ಕಂಡಕ್ಟರ್ ಸ್ನೇಹಿತರ ಮನೆಗೋ?”

“ಯಾರಿಗೆ ಗೊತ್ತು,” ಎಂದಳು ಸೂಜಿ. ಹೇಳಿದ ಮೇಲೆ ಆ ಮಾತು ಅವಳನ್ನೇ ತಟ್ಟಿತು. ಕಣ್ಣು ಹೋದಂದಿನಿಂದ ಇದೇ ಮೊದಲ ಸಲ, ಅಪ್ಪ ಎಲ್ಲಿದ್ದಾನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಅಮ್ಮನನ್ನು ತಬ್ಬಿಕೊಂಡು, ನಗುತ್ತ ಅಳುತ್ತ, ಮತ್ತೆ ಅದನ್ನೇ ಹೇಳಿದಳು: “ಯಾರಿಗೆ ಗೊತ್ತಮ್ಮ!”