ನಾನು ಉಜ್ಜಿದ ಸಿಲಿಂಡರು

ಜೋಗುಪಾಳ್ಯದ ನಮ್ಮ ಮನೆಯ ಹಿತ್ತಲಲ್ಲಿ ಮೊದಲು ಎತ್ತು ಕಟ್ಟುತ್ತಿದ್ದ ಕೊಟ್ಟಿಗೆಯೊಂದಿದೆ. ಎತ್ತುಗಳು ಹೋದ ಮೇಲೆ ಅಪ್ಪ ಅಲ್ಲಿ ಒಂದು ಬೆಂಚು ಹಾಕಿ, ಲೋಹ ಕಚ್ಚಿ ಹಿಡಿಯುವ ವೈಸು ಕೂರಿಸಿದರು. ರೈಲ್ವೆ ಷೆಡ್ಡಿನಲ್ಲಿ ದಿನವಿಡೀ ದೊಡ್ಡ ಎಂಜಿನ್ನುಗಳ ಹೊಟ್ಟೆಯೊಳಗೆ ಕೈಯಿಟ್ಟು ಬಂದವರಿಗೆ, ಸಂಜೆ ಅಂಗೈಯಗಲದ ಹಬೆ ಎಂಜಿನ್ನೊಂದನ್ನು ಮಾಡುವ ಆಸೆ. ಯುದ್ಧ ಮುಗಿದು ವರ್ಷವಾಗಿತ್ತು. ದಂಡಿನ ಗುಜರಿಯಲ್ಲಿ ಹಿತ್ತಾಳೆಗೆ ಬರವಿರಲಿಲ್ಲ. ಖಾದರ್ ಸಾಹೇಬರ ಅಂಗಡಿಯಿಂದ ತಂದ ಫಿರಂಗಿ ಗುಂಡಿನ ಖಾಲಿ ಚಿಪ್ಪೇ ನಮ್ಮ ಬಾಯ್ಲರು.

ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ನನ್ನ ಪಾಲಿಗೆ ಬಂದದ್ದು ಸಿಲಿಂಡರು. ಹೆಬ್ಬೆರಳಿನಷ್ಟು ದಪ್ಪ. ಅದು ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತದೆ. ಹಾಗೆ ತೂಗುವಾಗ ಅದರ ತೂತು, ಬೆನ್ನಿಗಿರುವ ಪಟ್ಟಿಯ ಎರಡು ತೂತುಗಳಿಗೆ ಸರದಿಯಲ್ಲಿ ಸೇರುತ್ತದೆ. ಒಂದರಿಂದ ಹಬೆ ಒಳಕ್ಕೆ, ಇನ್ನೊಂದರಿಂದ ಹೊರಕ್ಕೆ. ಸಿಲಿಂಡರೂ ಪಟ್ಟಿಯೂ ತಾಗುವ ಎರಡು ಮುಖಗಳ ನಡುವೆ ಕೂದಲೆಳೆಯಷ್ಟು ಸಂದಿ ಉಳಿದರೂ ಹಬೆಯೆಲ್ಲ ಅಲ್ಲೇ ಬುಸ್ಸೆಂದು ಹೋಗುತ್ತದೆ.

"ಇದು ಅವಸರದೋರ ಕೆಲ್ಸ ಅಲ್ಲ ಕಣವ್ವ ಆದಿ. ಮಾತಾಡೋರ ಕೆಲ್ಸಾನೂ ಅಲ್ಲ. ನಿಂಗೇ ಸರಿ," ಎಂದರು ಅಪ್ಪ.

ಕಿಟಕಿ ಗಾಜಿನ ತುಂಡೊಂದರ ಮೇಲೆ ಪಾಲಿಷ್ ಪುಡಿ, ಎರಡು ಹನಿ ಎಣ್ಣೆ. ಅದರ ಮೇಲೆ ಸಿಲಿಂಡರಿನ ಮುಖವನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಆರು ವಾರ ಉಜ್ಜಿದೆ. ಯಾರೂ ಏನೂ ಕೇಳದ, ಯಾರಿಗೂ ಉತ್ತರ ಕೊಡಬೇಕಿಲ್ಲದ ಆ ಮಧ್ಯಾಹ್ನಗಳು ನನಗೆ ಬಹಳ ಹಿಡಿಸಿದ್ದವು.

ಹೀಗಿರುವಾಗ ಒಂದು ದಿನ ಅರ ಹುಡುಕಲೆಂದು ಬೆಂಚಿನ ಖಾನೆ ಎಳೆದರೆ, ಬಟ್ಟೆಯಲ್ಲಿ ಸುತ್ತಿಟ್ಟ ಇನ್ನೊಂದು ಸಿಲಿಂಡರು! ಅಪ್ಪನೇ ಮಾಡಿದ್ದು.

"ಇರ್ಲಿ ಅಂತ ಮಾಡ್ದೆ. ಅಕಸ್ಮಾತ್ ನಿಂದು ಕೂರ್ದಿದ್ರೆ..." ಎಂದು ಅವರು ಬೇರೆಲ್ಲೋ ನೋಡಿದರು.

ಅವತ್ತು ಡೈರಿಯಲ್ಲಿ ಒಂದೇ ಸಾಲು ಬರೆದೆ: ಎಂಜಿನ್ನಿನ ಮೇಲೆ ನನ್ನದೇ ಇರಬೇಕು.

ಆಯುಧಪೂಜೆಗೆ ಎಂಜಿನ್ನು ಓಡಿಸುವುದೆಂದು ಗೊತ್ತಾಯಿತು. ಹಿಂದಿನ ದಿನ ಸೈಕಲ್ ಪಂಪಿನ ಗಾಳಿ ಬಿಟ್ಟಾಗ ಚಕ್ರ ಗಿರ್ರೆಂದು ತಿರುಗಿತ್ತು. ಹಬ್ಬದ ಬೆಳಿಗ್ಗೆ ಅಮ್ಮ ಕೊಟ್ಟಿಗೆಯಲ್ಲೇ ಸ್ಪ್ಯಾನರು, ಸುತ್ತಿಗೆ, ಅರಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿ ಕುಂಕುಮವಿಟ್ಟು, ಎಂಜಿನ್ನಿಗೆ ಸೇವಂತಿಗೆ ಮುಡಿಸಿದರು.

"ಆಯುಧಕ್ಕೆ ಇವತ್ತು ರಜಾ. ಇದನ್ಯಾಕೆ ಓಡಿಸ್ತೀರ?"

"ಇದು ಆಯುಧ ಅಲ್ಲ ಕಣೆ, ಗಾಡಿ. ಪೂಜೆ ಮಾಡಿದ್ ಗಾಡೀನ ಓಡಿಸ್ದೆ ಬಿಡ್ತಾರಾ?" ಎಂದರು ಅಪ್ಪ.

ಖಾದರ್ ಸಾಹೇಬರು ಬಂದರು. ರೈಲು ಓಡಿಸುವ ಅಂಜನಮೂರ್ತಿ ಮಾವ ಬಿಳಿ ಜುಬ್ಬ ತೊಟ್ಟು ಬಂದು, ಮುಂದೆಯೇ ಕುಕ್ಕರಗಾಲಲ್ಲಿ ಕುಳಿತರು. ಅಪ್ಪ ಹೂಗಳನ್ನು ಕಿತ್ತು ಪಕ್ಕಕ್ಕಿಟ್ಟು, ಬಾಯ್ಲರಿನ ಕೆಳಗೆ ಸ್ಪಿರಿಟ್ ದೀಪ ಹಚ್ಚಿದರು. ನೀರು ಗೊರಗುಟ್ಟಿತು. ಅಪ್ಪ ಚಕ್ರಕ್ಕೆ ಬೆರಳು ತಾಗಿಸಿದರು. ಅರ್ಧ ಸುತ್ತು ಹೋಗಿ ನಿಂತಿತು. ಸಿಲಿಂಡರಿನ ಮುಖದಿಂದ ಬುಸ್ಸೆಂದು ಹಬೆ.

"ಏನ್ ಗುರು, ಇಡ್ಲಿ ಬೇಯಿಸ್ತಾ ಇದೀಯಾ?" ಎಂದರು ಮಾವ.

"ಕ್ಯಾ ಅಣ್ಣಾ, ನಮ್ದು ಮಾಲ್ ಪಕ್ಕಾ ಇತ್ತು. ಆಮೇಲೆ ನಮ್ಗೆ ಹೇಳ್ಬಾರ್ದು," ಎಂದರು ಖಾದರ್ ಸಾಹೇಬರು.

"ಮುಖ ಕೂತಿಲ್ಲ," ಎಂದು ಅಪ್ಪ ಮೆಲ್ಲಗೆ ಹೇಳಿದರು. ಅವರ ಕೈ ಖಾನೆಯ ಕಡೆ ಹೋಯಿತು. ಆದರೆ ಸಿಲಿಂಡರು ಬದಲಾಯಿಸಲು ಸ್ಪ್ಯಾನರು ಬೇಕು. ಸ್ಪ್ಯಾನರು ಕುಂಕುಮ ಹಚ್ಚಿಕೊಂಡು ಮಣೆಯ ಮೇಲೆ ಮಲಗಿತ್ತು. ನಾಳೆಯವರೆಗೆ ಮುಟ್ಟುವಂತಿಲ್ಲ. ನಾಳೆ ನನ್ನದು ಇಳಿಯುತ್ತದೆ, ಅವರದು ಏರುತ್ತದೆ.

ನಿನ್ನೆ ಕೂತಿದ್ದ ಮುಖ ಇವತ್ತು ಯಾಕೆ ಕೂರುವುದಿಲ್ಲ? ಅಪ್ಪ ಕಿತ್ತಿಟ್ಟ ಹೂಗಳನ್ನು ನೋಡಿದೆ. ಒಂದಕ್ಕೆ ತೊಟ್ಟಿರಲಿಲ್ಲ. ಬೆಳಿಗ್ಗೆ ಅಮ್ಮ ಆ ಹೂವನ್ನು ಎಲ್ಲಿ ಸಿಕ್ಕಿಸಿದರೆಂಬುದು ಕಣ್ಣಿಗೆ ಬಂತು. ಹಬೆ ಹೊರಹೋಗುವ ಕೊಳವೆ ಹೂದಾನಿಯಂತೆ ನೆಟ್ಟಗೆ ನಿಂತಿತ್ತಲ್ಲ, ಅದರ ಬಾಯಿಗೆ! ತೊಟ್ಟು ಅದರೊಳಗೇ ಮುರಿದು ಉಳಿದಿದೆ. ದಾರಿ ಕಟ್ಟಿದ ಹಬೆ ಸಿಲಿಂಡರನ್ನೇ ಹಿಂದಕ್ಕೆ ತಳ್ಳಿ ಮುಖದಿಂದ ನುಗ್ಗುತ್ತಿದೆ.

"ಅಪ್ಪಾ, ಹೂವು," ಎಂದೆ. ಯಾರಿಗೂ ಕೇಳಿಸಲಿಲ್ಲ. ಮಾವ ಇಡ್ಲಿಗೆ ಚಟ್ನಿ ಕೇಳುತ್ತಿದ್ದರು.

"ದೀಪ ಈಚೆ ತೆಗೀಪ್ಪಾ! ಮುಖ ಸರಿಯಾಗೇ ಇದೆ!"

ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಎಲ್ಲರೂ ತಿರುಗಿದರು. ಅಪ್ಪ ದೀಪ ಎಳೆದರು. ಹಬೆ ತಗ್ಗುವವರೆಗೆ ಕಾದು, ತಲೆಯಿಂದ ಹೇರ್‌ಪಿನ್ ತೆಗೆದೆ.

"ಏಯ್, ಅದು ಆಯುಧ ಅಲ್ವಾ?" ಎಂದರು ಮಾವ.

"ಪೂಜೆ ಮಾಡಿಲ್ಲ ಬಿಡಿ ಅಣ್ಣ, ಅದಕ್ಕೆ ರಜಾ ಇಲ್ಲ," ಎಂದರು ಅಮ್ಮ.

ಕೊಳವೆಯೊಳಗೆ ಪಿನ್ನು ಆಡಿಸಿದೆ. ಬೆಂದ ಹಸಿರು ತೊಟ್ಟು ಸಿಕ್ಕಿ ಈಚೆ ಬಂತು. ಮತ್ತೆ ದೀಪವಿಟ್ಟು, ಈ ಸಲ ನಾನೇ ಚಕ್ರಕ್ಕೆ ಬೆರಳು ತಾಗಿಸಿದೆ. ಕೊಳವೆ ಒಮ್ಮೆ ಕೆಮ್ಮಿ ಮಾವನ ಜುಬ್ಬದ ಮೇಲೆ ಎಣ್ಣೆನೀರು ಉಗಿಯಿತು. ಆಮೇಲೆ ಟಕಟಕ ಟಕಟಕ, ಚಕ್ರದ ಕಡ್ಡಿಗಳು ಕಾಣದಷ್ಟು ಜೋರಾಗಿ! ಖಾದರ್ ಸಾಹೇಬರು "ಶಾಬಾಸ್ ಬೇಟಿ" ಎಂದರು. ಜುಬ್ಬ ಒರೆಸಿಕೊಳ್ಳುವುದನ್ನು ಮಾವ ಮರೆತಿದ್ದರು.

ಮರುದಿನ ಆಯುಧಗಳನ್ನು ಎತ್ತಿದ ಮೇಲೆ, ಅಪ್ಪ ಖಾನೆಯಿಂದ ತಮ್ಮ ಸಿಲಿಂಡರು ತೆಗೆದು ಹಿತ್ತಾಳೆ ಚೂರಿನ ಡಬ್ಬಕ್ಕೆ ಹಾಕಿದರು. ನಾನು ಅದನ್ನು ಎತ್ತಿಕೊಂಡೆ.

"ಯಾಕವ್ವ?"

"ಇನ್ನೊಂದು ಎಂಜಿನ್ ಮಾಡೋಣ. ಇದರ ಮುಖ ಸ್ವಲ್ಪ ಒರಟು. ಉಜ್ಜಿದ್ರೆ ಸರಿಹೋಗುತ್ತೆ."

"ಒರಟಾ? ನಾನ್ ಮಾಡಿದ್ದಾ?"

ನಾನು ಗಾಜು ಒರೆಸಿ ಎಣ್ಣೆ ಬಿಟ್ಟುಕೊಂಡೆ. ಅಪ್ಪ ನನ್ನ ಸ್ಟೂಲನ್ನು ಬೆಳಕಿರುವ ಕಡೆಗೆ ಸರಿಸಿಕೊಟ್ಟರು.