ತಾತನ ಎರಡನೆಯ ಬಟ್ಟಲು

ದಾಂಗ್ರೆಕ್ ಬೆಟ್ಟದ ಈಚೆಗೆ ನಮ್ಮ ಕಾಂಬೋಡಿಯಾ, ಆಚೆಗೆ ಥಾಯ್ಲೆಂಡ್. ನೆತ್ತಿಯ ಆಲದಡಿ ಕೂತಿರುವ ನ್ಯಾಕ್ ತಾ, ಅಂದರೆ ನೆಲ ಕಾಯುವ ತಾತ, ಮಾತ್ರ ಎರಡೂ ಕಡೆಯವನು. ಅವರೂ ಬಂದು ಹೊಗೆಸೊಪ್ಪು ಇಡುತ್ತಾರೆ, ನಾವೂ ಇಡುತ್ತೇವೆ. ಆಚೆಯ ಊರಿನವರು ಮನೆಯಲ್ಲಿ ಆಡುವುದೂ ನಮ್ಮ ಖ್ಮೇರ್ ಮಾತನ್ನೇ. ನನ್ನ ತಂಗಿ ಚೆಂದಾಳನ್ನು ಕೊಟ್ಟಿರುವುದು ಅಲ್ಲಿಗೇ. ಬೆಳಗಿನ ಮಂಜಿನಲ್ಲಿ ಅವಳ ಒಲೆಯ ಹೊಗೆ ನನಗೆ ಕಾಣುತ್ತದೆ ಎಂದರೆ ಎಲ್ಲರೂ ನಗುತ್ತಾರೆ. ನಗಲಿ. ನನಗೆ ಕಾಣುತ್ತದೆ.

ತಾತ ಮೈಮೇಲೆ ಬರುವುದು ನಮ್ಮ ದೊಡ್ಡಮ್ಮನಿಗೆ. ಆಗ ಅವಳ ದನಿ ಗಂಡಸಿನದಾಗುತ್ತದೆ. ಇಳಿದ ಮೇಲೆ ಏನಂದೆ ಎಂಬುದು ಅವಳಿಗೆ ಒಂಚೂರೂ ನೆನಪಿರದು. ಕೆರೆಯ ತಳದಲ್ಲಿ ಮಲಗಿ ಎದ್ದ ಹಾಗಿರುತ್ತದಂತೆ.

ಆ ವರ್ಷ ಬೆಟ್ಟ ಯಾರದೆಂದು ಎರಡು ದೇಶಗಳ ನಡುವೆ ಜಗಳ ಎದ್ದಿತು. ರಾಜಧಾನಿಯಿಂದ ರೇಡಿಯೋ ಸಾಹೇಬನೊಬ್ಬ ಮೈಕು ಹಿಡಿದು ಬಂದ.

"ಅಜ್ಜಿ, ಆಚೆಯವ್ರು ತಾತನಿಗೆ ಅವಮಾನ ಮಾಡಿದಾರೆ. ಅವನಿಗೆ ಸಿಟ್ಟು ಬಂದಿದೆ ಅಂತ ಅವನ ಬಾಯಲ್ಲೇ ಬಂದ್ರೆ ಸಾಕು. ಮಿಕ್ಕಿದ್ದು ನಾವು ನೋಡ್ಕೋತೀವಿ."

"ಮೈ ನಂದು, ಮಾತು ಅವನ್ದು. ನಾನು ಹೆಂಗೆ ಹೇಳ್ಲಪ್ಪ," ಎಂದಳು ದೊಡ್ಡಮ್ಮ. ಆದರೂ ರೇಷ್ಮೆ ಉಟ್ಟು ಬಂದಳು. ರೇಡಿಯೋದಲ್ಲಿ ರೇಷ್ಮೆ ಕಾಣುವುದಿಲ್ಲವೆಂದು ಅವಳಿಗೆ ಹೇಳುವ ಮನಸ್ಸು ಯಾರಿಗೂ ಬರಲಿಲ್ಲ.

ಡೋಲು ಬಡಿದರು. ಊದುಬತ್ತಿಯ ಹೊಗೆ ಯಾವುದು, ಮಂಜು ಯಾವುದು ತಿಳಿಯದಾಯಿತು. ದೊಡ್ಡಮ್ಮ ನಿಂತಲ್ಲೇ ತೂಗಿದಳು, ಆಲದ ಬಿಳಲುಗಳೂ ಅವಳೊಡನೆ ತೂಗಿದವು.

"ಸಿಟ್ಟು ಬಂದಿದೆ ನಂಗೆ," ಎಂದ ತಾತ.

ಸಾಹೇಬನ ಮುಖ ಅರಳಿತು.

"ಒಂದೇ ಕಡೆಯವ್ರು ಬಂದು ನ್ಯಾಯ ಕೇಳ್ತೀರಲ್ರೋ, ಅದಕ್ಕೇ ಸಿಟ್ಟು. ಆಚೆ ಮಕ್ಳೆಲ್ಲಿ? ಇನ್ನೊಂದು ಬಟ್ಟಲೆಲ್ಲಿ?"

ನಮ್ಮಲ್ಲಿ ಎಮ್ಮೆ ಕಳುವಾದರೂ, ಗಂಡ ಹೆಂಡಿರು ಮುನಿದರೂ ತಾತನ ಮುಂದೆ ಎರಡು ಬಟ್ಟಲು ನೀರಿಡಬೇಕು. ಜಗಳವಾಡಿದ ಇಬ್ಬರೂ ಆಣೆಯಿಟ್ಟು ಕುಡಿಯಬೇಕು. ಆಮೇಲೆಯೇ ನ್ಯಾಯ. ಸಾಹೇಬ ಒಂದೇ ಬಟ್ಟಲು ಇಡಿಸಿದ್ದ.

"ಸಾಕಜ್ಜಿ," ಎಂದು ಅವನು ಯಂತ್ರ ಆರಿಸಿದ.

ಸಂಜೆ ರೇಡಿಯೋದಲ್ಲಿ ಬಂದದ್ದು ಮೊದಲ ಮಾತೊಂದೇ. ಹಿಂದೆಯೇ ಕವಾಯತಿನ ಹಾಡು. ತಾತನ ಅಪ್ಪಣೆಯಾಗಿದೆ, ಇನ್ನು ನಾವು ಸುಮ್ಮನಿರುವುದು ಪಾಪ ಎಂದರು.

"ಹಂಗಂದ್ನಾ ತಾತ?" ದೊಡ್ಡಮ್ಮ ನನ್ನ ಕಡೆ ತಿರುಗಿದಳು.

"ಇಲ್ಲ ದೊಡ್ಡಮ್ಮ, ಅದು ಅರ್ಧ ಮಾತು."

"ಸಮಾಧಾನ ಹೇಳ್ಬೇಡ ಕಣೇ. ನನ್ ದನಿ ನಂಗ್ ಗೊತ್ತಾಗಲ್ವಾ?"

ಆ ಸಾಹೇಬನ ನಾಲಿಗೆಗೆ ಹುಳ ಬೀಳಲಿ ಎಂದು ಶಪಿಸಿದೆ. ಶಾಪಕ್ಕೆ ಯುದ್ಧ ನಿಲ್ಲುತ್ತದೆಯೇ?

ಚೆಂದಾ ಫೋನು ಮಾಡಿದಳು. "ಅಕ್ಕಾ, ಇಲ್ಲಿನ ರೇಡಿಯೋದಲ್ಲೂ ತಾತನಿಗೆ ಸಿಟ್ಟು ಬಂದಿದ್ಯಂತೆ. ನಿಮ್ಮ ಮೇಲೆ."

"ಮನೆ ಬಿಟ್ಟು ಹೋಗೇ ಮೊದ್ಲು."

"ಹಂದಿ ಇವತ್ತೋ ನಾಳೆಯೋ ಈಯುತ್ತೆ. ಮರಿ ಕಣ್ಣಲ್ಲಿ ನೋಡಿ ಹೊರಡ್ತೀನಿ. ದೊಡ್ಡಮ್ಮ ಇರೋವಾಗ ನಂಗೇನಾಗುತ್ತೆ, ಬಿಡು."

ಮರುದಿನ ನಸುಕಿನಲ್ಲಿ ನಮ್ಮ ತಲೆಯ ಮೇಲೆ ಏನೋ ಸಿಳ್ಳೆ ಹಾಕಿಕೊಂಡು ಆಚೆ ಹೋಯಿತು. ಬೆಳಗಾದಾಗ ಚೆಂದಾಳ ಮನೆಯ ಹೊಗೆ ಊರಿಗೆಲ್ಲ ಕಂಡಿತು. ಯಾರೂ ನಗಲಿಲ್ಲ.

"ಅವತ್ತು ನಾನಂದಿದ್ದು ಪೂರ್ತಿ ಹೇಳು," ಎಂದಳು ದೊಡ್ಡಮ್ಮ. ಹೇಳಿದೆ. ಅವಳು ಅಳಲಿಲ್ಲ. ಎರಡು ಬಟ್ಟಲು ತೊಳೆದು, ನೀರು ತುಂಬಿ, ಬೆಟ್ಟದ ಕಡೆ ಮುಖ ಮಾಡಿ ಕೂತಳು.

"ಚೆಂದಾ ಬಂದು ಕುಡೀಲಿ. ಆಮೇಲೆ ನಾನು."

ಅವಳ ಫೋನು ಇನ್ನೂ ಹತ್ತುತ್ತಿಲ್ಲ. ದಿನಾ ಬೆಳಗ್ಗೆ ಹಳೆಯ ನೀರು ಚೆಲ್ಲಿ ಹೊಸದು ತುಂಬುವುದು ನನ್ನ ಕೆಲಸ.