ಗಂಡನ ಕೆಲಸ ಎಂಬ ಒಂದು ಸಾಲು

ಮೂರು ದಿನದಿಂದ ಬೀದಿಯ ನಲ್ಲಿಗಳಲ್ಲಿ ಹಳದಿ ನೀರು ಬರುತ್ತಿತ್ತು. ಯಾರೋ ಬಕೆಟ್ಟಿನ ಫೋಟೊ ತೆಗೆದು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿ, ನೀರಿನ ಕಚೇರಿಯವರನ್ನು ಬಾಯಿಗೆ ಬಂದಂತೆ ಬೈದಿದ್ದರು. ಕೆಳಗೆ ಎಪ್ಪತ್ತು ಹೆಬ್ಬೆಟ್ಟಿನ ಗುರುತುಗಳು. ಅದರಲ್ಲಿ ಮೂಲೆಮನೆಯ ಹೊಲಿಗೆಯಾಕೆಯದೂ ಒಂದು. ಮಗಳಿಗೆ ವಾಂತಿ ಶುರುವಾದ ಸಿಟ್ಟಿನಲ್ಲಿ ಒತ್ತಿಬಿಟ್ಟಿದ್ದಳು. ಒತ್ತಿದ ಮೇಲೆ ನೆನಪಾಯಿತು, ಬೀದಿಗೆ ನೀರು ಬಿಡುವವನು ತನ್ನ ಗಂಡನೇ ಎಂದು. ಅದೂ ಕಾಯಂ ಆಗದ ಕೆಲಸ.

ಮಾರನೆಯ ದಿನ ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಪ್ರಶ್ನೆಗಳ ಕಾಗದದ ಕಟ್ಟು ಹಿಡಿದು ಮೂಲೆಮನೆಯ ಮುಂಭಾಗದ ಹೊಲಿಗೆಯಂಗಡಿಯ ಮೆಟ್ಟಿಲು ಹತ್ತಿದಳು. ಫೋನಿನಲ್ಲಿ ದನಿಯೆತ್ತಿದ ಜನ ಆಮೇಲೆ ಏನು ಮಾಡುತ್ತಾರೆ ಎಂದು ಸಂಶೋಧನೆ ಮಾಡುತ್ತಿದ್ದಾಳಂತೆ.

"ಆ ಫೋಟೊಗೆ ಹೆಬ್ಬೆಟ್ಟು ಒತ್ತಿದವರಲ್ಲಿ ನೀವೂ ಇದ್ದೀರಾ ಆಂಟಿ?"

ಹೆಬ್ಬೆಟ್ಟು ಎಂದರೆ ಹೊಲಿಗೆಯಾಕೆಯ ಮಟ್ಟಿಗೆ ರುಜು. "ನಾನು ಯಾವ ಕಾಗದಕ್ಕೂ ಒತ್ತಿಲ್ಲಮ್ಮ" ಎಂದು ಮಿಷನ್ನನ್ನು ಇನ್ನಷ್ಟು ಜೋರಾಗಿ ತುಳಿದಳು.

ರವಿಕೆಯ ಅಳತೆ ಕೊಡಲು ಬಂದಿದ್ದ ಪಕ್ಕದ ಮನೆಯ ನರ್ಸಕ್ಕ ನಕ್ಕಳು. "ಫೋನಿನ ಹೆಬ್ಬೆಟ್ಟು ರುಜುವೂ ಅಲ್ಲ, ದೂರೂ ಅಲ್ಲ ಕಣೆ. ಹೆದರ್ಕೋಬೇಡ. ಆದ್ರೆ ಯಾರು, ಯಾಕೆ ಅಂತ ಕೇಳೋದನ್ನ ಮಾತ್ರ ಬಿಡಬೇಡ."

ಹೊಲಿಗೆಯಾಕೆ ಬಿಡಲಿಲ್ಲ. ನಮ್ಮ ಗುಂಪಿನ ಫೋಟೊ ನಿನ್ನ ಕೈಗೆ ಹೇಗೆ ಬಂತು, ಯಾರು ಕಳಿಸಿದರು, ಬರೆದುಕೊಂಡದ್ದು ಯಾರ ಮೇಜಿಗೆ ಹೋಗುತ್ತದೆ ಎಂದು ಒಂದೊಂದಾಗಿ ಕೆದಕಿದಳು. ಗುಂಪು ನಡೆಸುವ ದಿನಸಿ ಅಂಗಡಿಯವರು ಎಲ್ಲರಿಗೂ ತಿಳಿಸಿಯೇ ಫೋಟೊ ತೋರಿಸಿದರು, ಒತ್ತಿದವರು ಯಾರೆಂದು ತಾನು ನೋಡಿಲ್ಲ, ಹೆಸರು ಬರೆದುಕೊಳ್ಳುವುದಿಲ್ಲ, ಬೇಡವೆನಿಸಿದರೆ ನಡುವೆಯೇ ನಿಲ್ಲಿಸಬಹುದು ಎಂದು ಹುಡುಗಿ ಹೇಳಿದಳು. ನರ್ಸಕ್ಕ ಅಷ್ಟಕ್ಕೆ ಸುಮ್ಮನಾಗದೆ, ಕಾಗದದಲ್ಲಿದ್ದ ನಂಬರನ್ನು ಬಿಟ್ಟು ತಾನೇ ಹುಡುಕಿದ ವಿಶ್ವವಿದ್ಯಾಲಯದ ನಂಬರಿಗೆ ಫೋನು ಮಾಡಿದಳು. ಹುಡುಗಿ ಅಲ್ಲಿಯವಳೇ ಎಂದು ಖಾತ್ರಿಯಾಯಿತು.

ಆದರೂ ಹೊಲಿಗೆಯಾಕೆ ಕಾಗದವನ್ನು ಕಿತ್ತುಕೊಂಡು ಬೆರಳಿಟ್ಟು ಓದಿದಳು. ಐದನೆಯ ಸಾಲಿಗೆ ಬೆರಳು ನಿಂತಿತು.

"ಹೆಸರು ಬೇಡ ಅಂತೀಯ. ಗಂಡನ ಕೆಲಸ ಏನು ಅಂತ ಕೇಳ್ತೀಯ. ಈ ಬೀದೀಲಿ ನೀರು ಬಿಡೋರು ಎಷ್ಟು ಜನ ಇದಾರೆ ಅಂದ್ಕೊಂಡೆ?"

ಹುಡುಗಿಯ ಮುಖ ಸಪ್ಪಗಾಯಿತು. ಇದು ತನಗೆ ಹೊಳೆದೇ ಇರಲಿಲ್ಲ ಎಂದು ಒಪ್ಪಿಕೊಂಡು, ಅಲ್ಲೇ ಕೂತು ಇಡೀ ಕಟ್ಟಿನಲ್ಲಿ ಆ ಸಾಲನ್ನು ಕಾಣದಂತೆ ಗೀಚಿಹಾಕಿದಳು. ಹೊಲಿಗೆಯಾಕೆ ಕಾಗದಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆಯೇ ಉತ್ತರ ಹೇಳಲು ಒಪ್ಪಿದಳು.

ಕೊನೆಯ ಪ್ರಶ್ನೆ, ಫೋನಿನಲ್ಲಿ ಒತ್ತಿದ ಮೇಲೆ ಇನ್ನೇನು ಮಾಡಿದಿರಿ ಎಂದು.

"ಏನೂ ಇಲ್ಲ."

"ಇಲ್ಲೀವರೆಗೆ ಹದಿನೇಳು ಮನೇಲಿ ಕೇಳಿದೆ ಆಂಟಿ. ಎಲ್ಲರೂ ಇದನ್ನೇ ಅಂದ್ರು."

ಎಪ್ಪತ್ತು ಜನ ಹೆಬ್ಬೆಟ್ಟು ಒತ್ತಿದರೂ ಕಚೇರಿಗೆ ಒಂದು ಕಾಗದವೂ ಹೋಗಿರಲಿಲ್ಲ. ಹೊಲಿಗೆಯಾಕೆಗೆ ಒಳಗೆ ಮಲಗಿದ್ದ ಮಗಳ ಬಾಡಿದ ಮುಖ ಕಣ್ಣಮುಂದೆ ಬಂತು.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ರೇಗುತ್ತಾನೆ ಎಂದುಕೊಂಡಿದ್ದಳು. ಅವನು ಚಪ್ಪಲಿಯನ್ನೂ ಬಿಡದೆ ಕೂತುಬಿಟ್ಟ. "ಚರಂಡಿ ಹತ್ರ ಪೈಪು ಒಡೆದಿದೆ ಅಂತ ನಾನು ಬಾಯಲ್ಲಿ ಎರಡು ಸಲ ಹೇಳಿದೆ. ಬೀದಿಯವರ ದೂರು ಎಲ್ಲಯ್ಯಾ ಅಂದ್ರು ಸಾಹೇಬ್ರು. ಬರೀರೇ ಮಾರಾಯ್ತಿ, ಎಲ್ಲಾ ಸೇರಿ ಬರೀರಿ."

ಮರುದಿನ ಬೆಳಿಗ್ಗೆ ಮೂವತ್ತೊಂದು ಮನೆಯವರು ರುಜು ಹಾಕಿದ ದೂರನ್ನು ಅವಳೂ ನರ್ಸಕ್ಕನೂ ಕಚೇರಿಗೆ ಕೊಟ್ಟು, ಮುದ್ರೆ ಒತ್ತಿದ ಸ್ವೀಕೃತಿ ಪಡೆದು ಬಂದರು. ಪೈಪು ಸರಿಯಾಗುವವರೆಗೆ ನೀರು ಕುದಿಸದೆ ಕುಡಿಯಬೇಡಿ ಎಂದು ನರ್ಸಕ್ಕ ಮನೆಮನೆಗೂ ಹೇಳಿದಳು.

ಅಕ್ಕಂದಿರೇ, ಅಣ್ಣಂದಿರೇ, ಸಂಶೋಧನೆಯೆಂದು ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ ಅನುಮಾನಪಡಿ, ಅದರಲ್ಲಿ ತಪ್ಪಿಲ್ಲ. ಯಾರು, ಯಾಕೆ, ಯಾವ ಪ್ರಶ್ನೆಯಿಂದ ನಮ್ಮ ಗುರುತು ಸಿಗಬಹುದು ಎಂದು ಕೇಳಿ. ಸರಿಯೆನಿಸಿದರೆ ನಿಜ ಹೇಳಿ, ಇಲ್ಲದಿದ್ದರೆ ಬೇಡವೆನ್ನಿ. ನಿಮ್ಮ ಗುಂಪಿನಲ್ಲಿ ಇವತ್ತು ಯಾವ ಫೋಟೊ ಓಡಾಡುತ್ತಿದೆ? ಅದರ ಬಗ್ಗೆ ದೂರನ್ನು ಕಚೇರಿಗೆ ಯಾರು ಕೊಟ್ಟಿದ್ದಾರೆ?